ಮಹಾನವಮಿಯ ಅರ್ಥವೂ ಮಕ್ಕಳ ವಿದ್ಯಾಭ್ಯಾಸವೂ

ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಎಂಬಾತನು ತನ್ನ ಜಿಲ್ಲೆಯ ಪಾಠಶಾಲೆಗಳನ್ನು ಕುರಿತು ೧೮೨೩ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಬರೆದ ವರದಿಯು ನಮ್ಮ ವಿದ್ಯಾಭ್ಯಾಸದ ಚರಿತ್ರೆಯನ್ನು ಪರಿಶೀಲಿಸುವವರಿಗೆ ಸುಪರಿಚಿತವಾದುದು. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ೧೮೨೨ರಲ್ಲಿ ಎಲ್ಲ ಜಿಲ್ಲೆಗಳಿಂದಲೂ ಕೇಳಿದ್ದ ವಿವರಗಳಿಗೆ ಉತ್ತರವಾಗಿ ಅದು ಸಿದ್ಧವಾಯಿತು. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಶಾಲೆಗಳು ೫೩೩. ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬. ಓದುತ್ತಿದ್ದ ಮಕ್ಕಳು ೬,೬೪೧. ಅವರಲ್ಲಿ ಮುಸಲ್ಮಾನರ ಮಕ್ಕಳು ೨೪೩, ಹೆಣ್ಣುಮಕ್ಕಳು ೬೦ ಮಂದಿ ಮಾತ್ರ. ಐದು ವರ್ಷದ ಮಗುವನ್ನು ಗಣಪತಿಯ ಮುಂದೆ ಕುಳ್ಳಿರಿಸಿ, ಉಪಾಧ್ಯಾಯನು ಅದರ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ದೇವರ ನಾಮವನ್ನು ಬರೆಯಿಸುತ್ತಿದ್ದುದನ್ನು ಕ್ಯಾಂಪ್‌ಬೆಲ್ ಆದರದಿಂದಲೇ ವರ್ಣಿಸುತ್ತಾನೆ. ಆ ಬಳಿಕ ಆತನು ಆಡಿದ ಮಾತು ಕಟುವಾದುದು. ಶಾಲೆಯ ಹುಡುಗರು ಲೆಕ್ಕವಿಲ್ಲದಷ್ಟು ಪದ್ಯಗಳನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲರು. ಆದರೆ ಅವುಗಳ ಅರ್ಥವು, ಮಾತು ಕಲಿಸಿದ ಗಿಳಿಗೆ ಎಷ್ಟು ತಿಳಿದಿದೆಯೋ ಅಷ್ಟೇ ಅವರಿಗೂ ತಿಳಿದಿದೆ ಎಂಬುದು ಆತನ ಅಭಿಪ್ರಾಯ. ಪದ್ಯಗಳ ಭಾಷೆಯು ಆಡುಮಾತಿಗಿಂತ ಬಹು ದೂರವಾಗಿದ್ದುದೇ ಇದಕ್ಕೆ ಕಾರಣವೆಂದು ಆತನು ತಿಳಿದನು.

ಕ್ಯಾಂಪ್‌ಬೆಲ್ಲನು ತೆಲುಗಿಗೆ ವ್ಯಾಕರಣವನ್ನು ಬರೆದವನು, ಭಾಷೆಯನ್ನರಿಯದೆ ನಿಂದಿಸಿದವನಲ್ಲ. ಆದುದರಿಂದ ಆ ಮಾತನ್ನು ಪರದೇಶದವನ ತಾತ್ಸಾರವೆಂದು ಬದಿಗೆ ತಳ್ಳುವುದು ನ್ಯಾಯವಲ್ಲ. ಪದ್ಯಗಳಿಗೆ ಸಲ್ಲುವ ಈ ಆಕ್ಷೇಪಣೆಯು ಹಬ್ಬಗಳಿಗೂ ಸಲ್ಲುತ್ತದೆಯೆ? ಹಬ್ಬದ ದಿನ ಮಗುವು ಎಣ್ಣೆಯೆರೆದುಕೊಂಡು, ಹೊಸಬಟ್ಟೆಯುಟ್ಟು, ಹೋಳಿಗೆಯನ್ನುಂಡು ಸಂತೋಷಪಟ್ಟರೆ ಸಾಕೊ, ಅಥವಾ ಹಬ್ಬವೇಕೆಂಬುದನ್ನೂ ಅದಕ್ಕೆ ತಿಳಿಸಬೇಕೊ? ಈ ಪ್ರಶ್ನೆಯನ್ನು ಸಾಮಾನ್ಯವಾಗಿ ವಾದಿಸುತ್ತ ಹೋದರೆ ಯಾವ ದಡವೂ ಸಿಕ್ಕುವುದಿಲ್ಲ. ಕನ್ನಡನಾಡಿನ ಒಂದು ಹಬ್ಬವನ್ನು, ಅದರಲ್ಲಿಯೂ ಮೊದಲಿನಿಂದ ವಿದ್ಯಾರ್ಥಿಗಳಿಗೆ ಹತ್ತಿರವಾದ ಮಹಾನವಮಿಯನ್ನು, ತೆಗೆದುಕೊಂಡು ಅದರ ಅರ್ಥವೆಂದು ಹೇಳಲ್ಪಡುವುದು ಏನೆಂಬುದನ್ನು ಪರೀಕ್ಷಿಸುವುದೇ ಲೇಸು.

ಮಹಾನವಮಿಯು ಮಕ್ಕಳ ಹಬ್ಬವೆಂದರೆ ಅತಿಶಯೋಕ್ತಿಯಾಗದು. ಹಿಂದೆ ಐಗಳ ಕೂಲಿಮಠಗಳಿದ್ದ ಕಾಲದಲ್ಲಿ, ಹುಡುಗರು ಗುಂಪುಕಟ್ಟಿಕೊಂಡು ಮನೆಮನೆಗೆ ಹೋಗಿ ಚೌಪದಗಳನ್ನು ಹಾಡಿ, ಕೋಲು ಹಾಕಿ, ಗೃಹಸ್ಥರು ಕೊಟ್ಟ ಕಾಣಿಕೆಯನ್ನು ತಂದು ಐಗಳಿಗೆ ಒಪ್ಪಿಸುತ್ತಿದ್ದರು. ಬಡ ಉಪಾಧ್ಯಾಯನ ವರ್ಷಾಶನಕ್ಕೆ ಅದೊಂದು ಮುಖ್ಯವಾದ ಆಧಾರ. ಮೂಲಾ ನಕ್ಷತ್ರದಲ್ಲಿ ಸರಸ್ವತಿಯನ್ನು ಆವಾಹನೆಮಾಡಿ ಪುಸ್ತಕಗಳನ್ನು ಪೂಜೆಗೆ ಇಟ್ಟಮೇಲೆ ವಿಸರ್ಜನೆಯಾಗುವವರೆಗೆ ಓದಕೂಡದು, ಬರೆಯಕೂಡದು ಎಂಬುದು ಶಾಸ್ತ್ರ. ನಮ್ಮ ಧರ್ಮಶಾಸ್ತ್ರದ ವಿಧಿಗಳಲ್ಲಿ ಮಕ್ಕಳು ಇಷ್ಟು ನಿಷ್ಠೆಯಿಂದ ಪಾಲಿಸಿದ ವಿಧಿಯು ಮತ್ತೊಂದಿರಲಾರದು! ವಿಜಯದಶಮಿಯ ದಿನ ಅಕ್ಷರಾಭ್ಯಾಸ, ಮನೆಯಲ್ಲಿ ಬೊಂಬೆಗಳ ಸಾಲು, ಸಂಜೆಗೆ ಬನ್ನಿಯ ಎಲೆ. ಇವುಗಳೆಲ್ಲದರಲ್ಲಿಯೂ ಮಗುವಿಗೆ ಒಂದು ಪಾಲುಂಟು, ಮಾಡತಕ್ಕ ಒಂದು ಕೆಲಸವುಂಟು. ಹಬ್ಬದ ಶಿಕ್ಷಣವೆಂದರೆ ಇದೇ, ಅರ್ಥವನ್ನು ಬಿಡಿಸಿ ಹೇಳುವುದು ಅನಾವಶ್ಯಕ ಎನ್ನುವವರ ಪಕ್ಷಕ್ಕೆ ಇದು ಬಲವಾದ ಆಧಾರವೇ ಸರಿ. ಮಾಡುವುದರಿಂದ ಬರುವ ತಿಳಿವಳಿಕೆಯು ಹೇಳುವುದರಿಂದ ಬಾರದೆಂಬುದನ್ನು ನಾನೂ ಒಪ್ಪುತ್ತೇನೆ.

ಆದರೆ ಮಗು ಕೇಳದೆ ಇರುವುದಿಲ್ಲ. ಬನ್ನಿಯ ಎಲೆಯನ್ನು ಕೊಟ್ಟು ಇದು ಬಂಗಾರವೆಂದರೆ, ಏಕೆ ಎಂದು ಕೇಳಿಯೇ ಕೇಳುತ್ತದೆ. ಆಗ ಹಿರಿಯರು ಏನನ್ನಾದರೂ ಹೇಳಲೇಬೇಕು. ಅವರು ಹೇಳುವುದು ಎಲ್ಲಿಂದ ಬಂದಿತೆಂಬುದನ್ನು ನೋಡಹೊರಟರೆ ಆಶ್ಚರ್ಯವಾಗುತ್ತದೆ.

ಪಾಂಡವರು ಅಜ್ಞಾತವಾಸದಲ್ಲಿ ಆಯುಧಗಳನ್ನು ಶಮೀವೃಕ್ಷದಲ್ಲಿ ಇಟ್ಟಿದ್ದು ವಿಜಯದಶಮಿಯ ದಿನ ಇಳಿಸಿಕೊಂಡರು ಎಂಬುದು ಎಲ್ಲರ ಬಾಯಲ್ಲಿರುವ ಉತ್ತರ. ವ್ಯಾಸಭಾರತದ ವಿರಾಟಪರ್ವದಲ್ಲಿ ಶಮೀವೃಕ್ಷವುಂಟು, ಆಯುಧಗಳುಂಟು, ಉತ್ತರನು ಮರವನ್ನು ಹತ್ತುವುದುಂಟು. ವಿಜಯದಶಮಿಯು ಮಾತ್ರ ಇಲ್ಲ. ಗೋಗ್ರಹಣವಾದುದು ಸಪ್ತಮಿ ಅಷ್ಟಮಿಗಳಲ್ಲಿ ಎಂದು ಅಲ್ಲಿ ಹೇಳಿದೆ. ಶ್ರೀರಾಮನು ರಾವಣನನ್ನು ಕೊಂದ ದಿನವೆಂಬುದು ಎರಡನೆಯ ಉತ್ತರ. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಇಂದ್ರಜಿತ್ತು ಮಡಿದ ಮೇಲೆ ಸೀತೆಯನ್ನೇ ಕೊಲ್ಲಹೊರಟ ರಾವಣನನ್ನು ಸುಪಾರ್ಶ್ವನು ತಡೆದು, ಈ ದಿನ ಕೃಷ್ಣಪಕ್ಷದ ಚತುರ್ದಶಿ, ಸನ್ನಾಹವನ್ನು ಮಾಡಿಕೊಂಡು ಅಮಾವಾಸ್ಯೆಯಲ್ಲಿ ಹೊರಡು ಎಂದು ಸಲಹೆಯನ್ನು ಕೊಡುತ್ತಾನೆ. ಶುಕ್ಲದಶಮಿಗೂ ಇದಕ್ಕೂ ಹೊಂದಿಕೆಯನ್ನು ಹುಡುಕುವುದು ಸುಲಭವಲ್ಲ. ಮೂರನೆಯದು ಕೌತ್ಸನ ಕಥೆ. ಗುರುದಕ್ಷಿಣೆಗಾಗಿ ಹದಿನಾಲ್ಕು ಕೋಟಿ ಹೊನ್ನನ್ನು ಬೇಡಿದ ವರತಂತುಶಿಷ್ಯನಿಗಾಗಿ ಕುಬೇರನು ಶಮೀವೃಕ್ಷದ ಮೇಲೆ ಚಿನ್ನದ ಮಳೆಯನ್ನು ಸುರಿಸಿದನೆಂದು ಜನ ಹೇಳುತ್ತಾರೆ. ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ ಆ ಮಳೆಯು ಬಿದ್ದುದು ರಘುವಿನ ಭಂಡಾರದ ಮನೆಯಲ್ಲಿ. ಮರದ ಮಾತೇ ಅಲ್ಲಿಲ್ಲ. ಗುರುದಕ್ಷಿಣೆಗಾಗಿ ಮನೆಮನೆಗೆ ತಿರುಗುತ್ತಿದ್ದ ಕೂಲಿಮಠದ ಹುಡುಗರಿಗೆ ಈ ಕಥೆಯು ಬಹಳ ಒಪ್ಪುತ್ತದೆಂಬುದು ಬೇರೆ ಮಾತು.

ಉಳಿದುದು ದೇವೀಮಾಹಾತ್ಮ್ಯೆ. ಮಾರ್ಕಂಡೇಯ ಪುರಾಣದ ಈ ಭಾಗವು ಶರತ್ಕಾಲದ ವಾರ್ಷಿಕ ಮಹಾಪೂಜೆಯನ್ನು ಸ್ಪಷ್ಟವಾಗಿ ಹೆಸರಿಸಿ, ಆ ಕಾಲದಲ್ಲಿ ತನ್ನ ಮಹಿಮೆಯನ್ನು ಭಕ್ತಿಯಿಂದ ಕೇಳಬೇಕೆಂದು ದೇವಿಯ ಬಾಯಿಂದಲೇ ಹೇಳಿಸುತ್ತದೆ. ಆಚರಣೆಯೊಡನೆ ಕಥೆಯನ್ನೂ ಕೇಳಬೇಕೆಂಬ ನಿಯಮವು ನಮಗೆ ಹೊಸದಲ್ಲವೆಂಬುದಕ್ಕೆ ಇದೊಂದು ಸಾಕ್ಷಿ. ನಮ್ಮ ವ್ರತಗಳ ಕಥಾಶ್ರವಣವೂ ಜೈನರ ನೋಂಪಿಯ ಕಥೆಗಳೂ ಇದೇ ಜಾತಿಗೆ ಸೇರಿದುವು. ಅರ್ಥವನ್ನು ಹೇಳದೆ ಇರುವುದೇ ಸಂಪ್ರದಾಯವೆಂಬ ವಾದವು ಇಲ್ಲಿಯೇ ಸಡಿಲವಾಗುತ್ತದೆ.

ಶಮೀವೃಕ್ಷದ ಪ್ರಸಂಗದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಅದನ್ನು ನಮ್ಮ ಉಪಾಧ್ಯಾಯರು ಗಮನಿಸಿದಂತೆ ಕಾಣುವುದಿಲ್ಲ. ಪಾಂಡವರು ಆಯುಧಗಳನ್ನು ಕಟ್ಟಿದಮೇಲೆ ಜನ ಹತ್ತಿರ ಬಾರದಿರಲೆಂದು ಒಂದು ಶವವನ್ನೂ ಅದೇ ಮರಕ್ಕೆ ಕಟ್ಟಿದರು. ದನ ಕಾಯುವವರೂ ಕುರಿ ಕಾಯುವವರೂ ವಿಚಾರಿಸಲು, ಇವಳು ನೂರೆಂಬತ್ತು ವರ್ಷದ ನಮ್ಮ ತಾಯಿ, ಹೆಣವನ್ನು ಮರಕ್ಕೆ ಕಟ್ಟುವುದು ನಮ್ಮ ಹಿರಿಯರಿಂದ ಬಂದ ಕುಲಧರ್ಮ ಎಂದು ಉತ್ತರಕೊಟ್ಟರು. ಆಪತ್ಕಾಲದ ಉಪಾಯವಾದುದರಿಂದ ಅದನ್ನು ದೋಷವೆಂದೆಣಿಸಬೇಕಾಗಿಲ್ಲ. ಆದರೂ, ಹಿರಿಯರಿಂದ ಬಂದುದೆಂದು ಹೇಳಿಕೆಯಾದ ಮಾತ್ರದಿಂದ ಒಂದು ಆಚಾರದ ಅರ್ಥವು ನಿಜವಾಗಿಬಿಡುವುದಿಲ್ಲವೆಂಬ ಸಂಗತಿಯು, ನಾವು ಪೂಜಿಸುವ ಮರದ ಕಥೆಯಲ್ಲಿಯೇ ಅಡಗಿದೆ.

ಅರಮನೆಯ ಕಡೆಗೆ ತಿರುಗಿದರೆ ಅರ್ಥವು ಬೇರೆಯಾಗಿ ಕಾಣುತ್ತದೆ. ೧೪೪೩ರಲ್ಲಿ ವಿಜಯನಗರಕ್ಕೆ ಬಂದಿದ್ದ ಅಬ್ದುರ್ ರಜಾಕನೂ, ಕೃಷ್ಣದೇವರಾಯನ ಕಾಲದಲ್ಲಿ, ೧೫೨೦ರ ಸುಮಾರಿಗೆ, ಬಂದ ಪೋರ್ಚುಗೀಸರ ಡೊಮಿಂಗೊ ಪಾಯೆಸನೂ ಈ ಹಬ್ಬವನ್ನು ವರ್ಣಿಸಿದ್ದಾರೆ. ಸಾಮಂತರು ನೆರೆಯುವುದು, ಕಪ್ಪಕಾಣಿಕೆಗಳನ್ನೊಪ್ಪಿಸುವುದು, ಆನೆಕುದುರೆಗಳಿಗೆ ಪೂಜೆ, ಸೈನ್ಯದ ಪರಿಶೀಲನೆ, ಇವೆಲ್ಲ ರಾಜಶಕ್ತಿಯ ಪ್ರದರ್ಶನಗಳು. ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣವನ್ನು ವಶಮಾಡಿಕೊಂಡು ಅದೇ ವರ್ಷ ಅಲ್ಲಿ ನವರಾತ್ರಿಯನ್ನು ನಡೆಸಿದುದರ ಆಶಯವು, ವಿಜಯನಗರದ ವೈಭವಕ್ಕೆ ತಾವೇ ಉತ್ತರಾಧಿಕಾರಿಗಳೆಂದು ತೋರಿಸುವುದಲ್ಲದೆ ಮತ್ತೇನು? ಅಷ್ಟು ಹಿಂದಕ್ಕೆ ಹೋಗುವುದೇಕೆ! ೧೯೭೧ರಲ್ಲಿ ರಾಜಧನವು ರದ್ದಾದಮೇಲೆ ಕೆಲಕಾಲದಲ್ಲಿಯೇ ಮೈಸೂರಿನ ಅಂಬಾರಿಯಲ್ಲಿ ಅರಸನು ಕುಳಿತಿದ್ದೆಡೆಯಲ್ಲಿ ಚಾಮುಂಡೇಶ್ವರಿಯ ಮೂರ್ತಿಯು ಬಂದಿತು. ಅರಮನೆಯ ಉತ್ಸವವು ನಾಡಹಬ್ಬವಾಯಿತು. ಇಂದು ಬದುಕಿರುವವರ ನೆನಪಿನೊಳಗೇ ಒಂದು ಹಬ್ಬದ ಅರ್ಥವು ಇಷ್ಟು ಬದಲಾಗಬಹುದಾದರೆ, ಐದಾರು ಶತಮಾನಗಳಲ್ಲಿ ಎಷ್ಟು ಬದಲಾಗಿರಬೇಡ!

ಪಾಯೆಸನು ಕೊಡುವ ಒಂದು ಲೆಕ್ಕವನ್ನು ಇಲ್ಲಿ ಮರೆಯಕೂಡದು. ಹಬ್ಬದ ಮೊದಲ ದಿನ ಬಲಿಯಾದುವು ೨೪ ಕೋಣಗಳು, ೧೫೦ ಕುರಿಗಳು. ಕಡೆಯ ದಿನ ೨೫೦ ಕೋಣಗಳು, ೪,೫೦೦ ಕುರಿಗಳು. ಈ ರಕ್ತವು ಈಗ ಎಲ್ಲಿಗೆ ಹೋಯಿತು? ಆಯುಧಪೂಜೆಯ ದಿನ ಅಂಗಡಿಯ ಮುಂದೆ, ಕಾರ್ಖಾನೆಯ ಬಾಗಿಲಲ್ಲಿ, ಬಂಡಿಯ ಗಾಲಿಯ ಬಳಿ ಬೂದುಗುಂಬಳಕಾಯಿಯನ್ನು ಕೊರೆದು ಒಳಗೆ ಕುಂಕುಮವನ್ನು ತುಂಬಿ ಅಪ್ಪಳಿಸುವುದನ್ನು ವಾಚಕರೆಲ್ಲರೂ ಕಂಡಿದ್ದಾರೆ. ಕಾಳಿಕಾಪುರಾಣವು ಬಲಿದ್ರವ್ಯಗಳನ್ನು ಹೇಳುವಲ್ಲಿ, ಕೂಷ್ಮಾಂಡವೂ ಕಬ್ಬಿನ ಜಲ್ಲೆಯೂ ದೇವಿಗೆ ತೃಪ್ತಿಯನ್ನುಂಟುಮಾಡುವುದರಲ್ಲಿ ಆಡಿಗೆ ಸಮಾನವೆಂದು ವಿಧಿಸಿದೆ. ಕುಂಬಳಕಾಯಿಯು ಪ್ರಾಣಿಯ ಪ್ರತಿನಿಧಿ. ಕುಂಕುಮವು ನೆತ್ತರಿನ ಪ್ರತಿನಿಧಿ. ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಆದರೆ ಒಳಗೆ ಕೆಂಪೇಕೆ ಎಂದು ಕೇಳಿದ ಮಗುವಿಗೆ, ಕಾಯಿಯು ಮನುಷ್ಯನ ಅಹಂಕಾರ, ಅದನ್ನು ಒಡೆಯುವುದೇ ಜ್ಞಾನ ಎಂಬಂತಹ ತತ್ತ್ವಾರ್ಥವನ್ನು ಹೇಳುವ ಪದ್ಧತಿಯು ಈಚೆಗೆ ಬಹಳವಾಗಿ ಹಬ್ಬಿದೆ. ಮಹಿಷನೆಂದರೆ ತಮೋಗುಣ, ಒಂಬತ್ತು ರಾತ್ರಿಗಳೆಂದರೆ ಸಾಧನೆಯ ಒಂಬತ್ತು ಮೆಟ್ಟಿಲು ಎಂಬ ವ್ಯಾಖ್ಯಾನಗಳೂ ಇದೇ ಬಗೆಯವು. ಪ್ರೌಢರು ತಮ್ಮ ಮನಸ್ಸಮಾಧಾನಕ್ಕಾಗಿ ಹೀಗೆ ಭಾವಿಸಿಕೊಂಡರೆ ಯಾರ ಆಕ್ಷೇಪಣೆಯೂ ಇಲ್ಲ. ಅದನ್ನೇ ಹಬ್ಬದ ಮೂಲವೆಂದು ಶಾಲೆಯಲ್ಲಿ ಕಲಿಸುವುದು ಮಾತ್ರ, ದನಗಾಹಿಗಳಿಗೆ ಪಾಂಡವರು ಕೊಟ್ಟ ಉತ್ತರದ ಜಾತಿಗೆ ಸೇರಿದುದು. ಪಾಂಡವರಿಗಿದ್ದ ಆಪತ್ತು ನಮಗಿಲ್ಲ.

ಪ್ರತಿನಿಧಿಯ ಬಲಿಯನ್ನು ಕುರಿತು ನಮ್ಮ ಪ್ರಾಚೀನರು ಯೋಚಿಸದೆ ಇರಲಿಲ್ಲ. ಅವರಲ್ಲಿ ಕನ್ನಡದ ಕವಿಯೊಬ್ಬನು ಎಲ್ಲರಿಗಿಂತ ತೀಕ್ಷ್ಣವಾಗಿ ಯೋಚಿಸಿದ್ದಾನೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನನು ೧೨೦೯ರಲ್ಲಿ ಯಶೋಧರ ಚರಿತೆಯನ್ನು ಬರೆದನು. ಈ ಕಥೆಯು ಜನ್ನನ ಸ್ವಂತದ್ದಲ್ಲ. ೯೫೯ರಲ್ಲಿಯೇ ಸೋಮದೇವಸೂರಿಯು ಯಶಸ್ತಿಲಕ ಚಂಪುವಿನಲ್ಲಿ ಇದನ್ನು ಸಂಸ್ಕೃತದಲ್ಲಿ ವಿಸ್ತರಿಸಿದ್ದನು, ವಾದಿರಾಜನೂ ಬರೆದಿದ್ದನು. ಆದರೆ ಕನ್ನಡದಲ್ಲಿ ಈ ಕಥೆಯು ಜೀವದಯಾಷ್ಟಮಿಯ ನೋಂಪಿಯೊಡನೆ ಸೇರಿಕೊಂಡಿತು. ನಾಡೆಲ್ಲ ದೇವಿಯ ಪೂಜೆಯನ್ನು ನಡೆಸುವ ಆಶ್ವಯುಜದ ಆ ದಿನಗಳಲ್ಲಿಯೇ ಜೈನರ ಮನೆಗಳಲ್ಲಿ ಜೀವದಯೆಯ ನೋಂಪಿ ನಡೆಯುವುದು ಕಾಕತಾಳೀಯವಲ್ಲವೆಂದು ನಾನು ನಂಬುತ್ತೇನೆ. ಒಂದೇ ಹಬ್ಬಕ್ಕೆ ಒಂದೇ ಊರಿನ ಎರಡು ಮನೆಗಳು ಎರಡು ಅರ್ಥಗಳನ್ನು ಹೇಳುತ್ತಿದ್ದುವು. ಎರಡನೆಯದು ಮೊದಲನೆಯದಕ್ಕೆ ಉತ್ತರವಾಗಿತ್ತು.

ಕಥೆಯನ್ನು ಸಾಹಿತ್ಯದ ಉಪಾಧ್ಯಾಯರಿಗೆ ನೆನಪುಮಾಡಿಕೊಡಬೇಕಾಗಿಲ್ಲ. ಆದರೂ ನಮ್ಮ ಪ್ರಶ್ನೆಗೆ ಬೇಕಾದ ಎರಡು ಸ್ಥಳಗಳನ್ನು ಎತ್ತಿ ತೋರಿಸುತ್ತೇನೆ. ದುಃಸ್ವಪ್ನದ ಶಾಂತಿಗಾಗಿ ಬಲಿಕೊಡಬೇಕೆಂದು ತಾಯಿ ಚಂದ್ರಮತಿಯು ಹಟಹಿಡಿಯುತ್ತಾಳೆ. ಯಶೋಧರನು ಜೀವವಧೆಯನ್ನು ಒಪ್ಪಲಾರನು, ತಾಯಿಯ ಮಾತನ್ನೂ ಮೀರಲಾರನು. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾದ ಉಪಾಯವೆಂದರೆ ಹಿಟ್ಟಿನ ಕೋಳಿ. ಅದರ ಕೊರಳಿಗೆ ಕತ್ತಿ ಬಿದ್ದೊಡನೆ ಅದು ಕೂಗುತ್ತದೆ! ಒಳಗೆ ಒಂದು ಬೆಂತರವು ಹೊಕ್ಕಿತ್ತೆಂದು ಕವಿ ಹೇಳುತ್ತಾನೆ. ಆದರೆ ಆ ಕೂಗು ಓದುಗನ ಎದೆಯನ್ನು ತಟ್ಟುವುದು ಬೆಂತರದಿಂದಲ್ಲ. ಕೈಯಲ್ಲಿದ್ದುದು ಹಿಟ್ಟಾದರೂ ಮನಸ್ಸಿನಲ್ಲಿದ್ದುದು ಕೊಲೆಯೆಂಬುದನ್ನು ಯಶೋಧರನು ಆ ಗಳಿಗೆಯಲ್ಲಿ ಅರಿಯುತ್ತಾನೆ. ಆ ಸಂಕಲ್ಪಹಿಂಸೆಯೊಂದರಿಂದಲೇ ತಾಯಿಮಕ್ಕಳು ಮೃಗಪಕ್ಷಿಗಳ ಜನ್ಮಗಳಲ್ಲಿ ತೊಳಲುತ್ತಾರೆ. ಆಚಾರದ ಅರ್ಥವನ್ನು ವಿಚಾರಿಸದೆ, ಹೇಗೂ ಇದು ಬರಿಯ ಸಂಕೇತವಷ್ಟೆ ಎಂದು ಸಮಾಧಾನಪಟ್ಟುಕೊಳ್ಳುವವರಿಗೆ ಇದಕ್ಕಿಂತ ಕಠಿನವಾದ ಉತ್ತರವನ್ನು ನಮ್ಮ ಸಾಹಿತ್ಯದಲ್ಲಿ ನಾನು ಕಾಣೆ. ಕುಂಬಳಕಾಯಿಯನ್ನು ಒಡೆಯುವುದು ಪಾಪವೆಂದು ನಾನು ಹೇಳುತ್ತಿಲ್ಲ. ಸಾವಿರಾರು ಕುರಿಕೋಣಗಳ ಪ್ರಾಣವನ್ನು ಉಳಿಸಿದ ಕಾಯಿ ಅದು, ಗೌರವಕ್ಕೇ ಪಾತ್ರವಾದುದು. ಆದರೆ ಅದು ಏನನ್ನು ಉಳಿಸಿತೆಂಬುದನ್ನು ಹೇಳದಿದ್ದರೆ ಆ ಗೌರವವಾದರೂ ಹೇಗೆ ಸಂದೀತು?

ಎರಡನೆಯ ಸ್ಥಳವು ಕಾವ್ಯದ ಆರಂಭದಲ್ಲಿದೆ. ಮಾರಿದತ್ತನೆಂಬ ಅರಸನು ಚಂಡಮಾರಿಯ ಜಾತ್ರೆಯಲ್ಲಿ ನರಬಲಿಗಾಗಿ ತರಿಸಿದುದು ಇಬ್ಬರು ಮಕ್ಕಳನ್ನು: ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರನ್ನು. ಹಿಟ್ಟಿನ ಕೋಳಿಯ ಕಥೆಯನ್ನು ಅರಸನಿಗೆ ಹೇಳುವವನು ಆ ಹುಡುಗನೇ. ಅದನ್ನು ಕೇಳಿ ಅರಸನು ಬಲಿಯನ್ನು ತೊರೆಯುತ್ತಾನೆ. ಹಬ್ಬದ ಅರ್ಥವನ್ನು ಹಿರಿಯನು ಕಿರಿಯನಿಗೆ ತಿಳಿಸುವುದು ಲೋಕರೂಢಿ. ಇಲ್ಲಿ ಕಿರಿಯನೇ ಹಿರಿಯನಿಗೆ ತಿಳಿಸುತ್ತಾನೆ, ಅದೂ ಬಲಿಪೀಠದ ಬಳಿ ನಿಂತು. ಮಕ್ಕಳಿಗೆ ಇಂತಹ ಗಹನವಿಷಯಗಳು ತಿಳಿಯಲಾರವೆಂಬ ಮಾತನ್ನು ಜನ್ನನು ಕೇಳಿದ್ದರೆ ಏನೆನ್ನುತ್ತಿದ್ದನೊ!

ಇನ್ನು ವರ್ತಮಾನಕಾಲದ ಒಂದೆರಡು ವಿಷಯಗಳು. ೧೯೫೦ರ ನಮ್ಮ ಸಂವಿಧಾನದ ೨೮ನೆಯ ಅನುಚ್ಛೇದವು, ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಮತಬೋಧನೆಯನ್ನು ನಿಷೇಧಿಸುತ್ತದೆ. ಇದನ್ನೇ ಮುಂದಿಟ್ಟುಕೊಂಡು ಹಬ್ಬಗಳ ಮಾತನ್ನೇ ಎತ್ತಬಾರದೆನ್ನುವ ಉಪಾಧ್ಯಾಯರುಂಟು. ಅದು ಸರಿಯಲ್ಲ. ೧೯೬೪ರಿಂದ ೧೯೬೬ರವರೆಗೆ ಕೆಲಸಮಾಡಿದ ಕೊಠಾರಿ ಆಯೋಗವು ಒಂದು ಮತವನ್ನು ಬೋಧಿಸುವುದಕ್ಕೂ ಮತಗಳ ವಿಷಯವನ್ನು ತಿಳಿಸುವುದಕ್ಕೂ ಇರುವ ಭೇದವನ್ನು ತೋರಿಸಿ, ಎರಡನೆಯದು ಆವಶ್ಯಕವೆಂದಿತು. ಸರ್ವೋಚ್ಚ ನ್ಯಾಯಾಲಯವೂ ೨೦೦೨ರಲ್ಲಿ ಅರುಣಾ ರಾಯ್ ಅವರ ಮೊಕದ್ದಮೆಯಲ್ಲಿ ಈ ಭೇದವನ್ನು ಅಂಗೀಕರಿಸಿತು. ಅಡ್ಡಿಯು ಕಾನೂನಿನಲ್ಲಿಲ್ಲ, ನಮ್ಮ ಅಂಜಿಕೆಯಲ್ಲಿದೆ.

ಆ ಅಂಜಿಕೆಗೆ ಕಾರಣವಿಲ್ಲದಿಲ್ಲ. ಚಾಮುಂಡಿಬೆಟ್ಟದ ಮೇಲೆ ಕತ್ತಿಹಾವುಗಳನ್ನು ಹಿಡಿದು ನಿಂತಿರುವ ಮಹಿಷನು ಅಸುರನಲ್ಲ, ಈ ನಾಡಿನ ಅರಸನೆಂದು ಹೇಳುವವರು ಮಹಿಷ ದಸರೆಯೆಂಬ ಆಚರಣೆಯನ್ನು ಮಾಡತೊಡಗಿದ್ದಾರೆ. ೨೦೧೯ರಲ್ಲಿಯೂ ೨೦೨೩ರಲ್ಲಿಯೂ ಮೈಸೂರಿನಲ್ಲಿ ಅದು ದೊಡ್ಡ ವಿವಾದಕ್ಕೆಡೆಯಾಯಿತು. ಅವರು ಆಧಾರವಾಗಿ ಹೇಳುವುದರಲ್ಲಿ ಮಹಾವಂಶದ ಮಾತೊಂದು: ಅಶೋಕನ ಕಾಲದಲ್ಲಿ ಮಹಾದೇವನೆಂಬ ಸ್ಥವಿರನನ್ನು ಮಹಿಷಮಂಡಲಕ್ಕೆ ಕಳುಹಿಸಿದರೆಂದು ಅಲ್ಲಿದೆ. ಮಹಿಷಮಂಡಲವು ನಮ್ಮ ಮೈಸೂರು ಸೀಮೆಯೊ, ನರ್ಮದೆಯ ದಡದ ಮಾಹಿಷ್ಮತಿಯ ನಾಡೊ ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಮಹಿಷನೆಂಬ ಅರಸನ ಹೆಸರಂತೂ ಅಲ್ಲಿ ಇಲ್ಲ. ಚರಿತ್ರೆಯಾಗಿ ನನಗೆ ಆ ವಾದವು ಸಮ್ಮತವಲ್ಲ. ಆದರೆ ತಮ್ಮ ಹಿರಿಯರು ಕೊಲ್ಲಲ್ಪಟ್ಟವನ ಪಕ್ಷದವರೆಂದು ಭಾವಿಸುವ ಮನೆಯ ಮಗುವೂ ತರಗತಿಯಲ್ಲಿ ಕುಳಿತಿರುತ್ತದೆ. ಜೀವದಯಾಷ್ಟಮಿಯನ್ನು ಆಚರಿಸುವ ಮನೆಯದೂ ಇರುತ್ತದೆ. ಈ ಹಬ್ಬವೇ ಇಲ್ಲದ ಮನೆಯದೂ ಇರುತ್ತದೆ. ಕ್ಯಾಂಪ್‌ಬೆಲ್ಲನ ಲೆಕ್ಕದಲ್ಲಿಯೇ ಅಂತಹ ೨೪೩ ಮಕ್ಕಳಿದ್ದರಷ್ಟೆ. ಒಂದು ಅರ್ಥವನ್ನೇ ಅರ್ಥವೆಂದು ಹೇಳಿದರೆ ಇವರಲ್ಲಿ ಒಬ್ಬರಲ್ಲ ಒಬ್ಬರನ್ನು ಹೊರಗೆ ಕಳುಹಿಸಿದಂತಾಗುತ್ತದೆ. ಯಾವ ಗ್ರಂಥದಲ್ಲಿ ಏನಿದೆ, ಯಾವ ಕಾಲದಲ್ಲಿ ಯಾರು ಹೇಗೆ ಆಚರಿಸಿದರು ಎಂದು ಹೇಳಿದರೆ ಎಲ್ಲರೂ ಒಳಗಿರಬಹುದು.

ಇದಕ್ಕೆ ಬೇಕಾದ ಸಾಮಗ್ರಿಯು ನಮ್ಮಲ್ಲಿ ಹೇರಳವಾಗಿದ್ದರೂ ಮಕ್ಕಳ ಕೈಗೆ ಎಟುಕುವಂತಿಲ್ಲ. ಯಶೋಧರ ಚರಿತೆಯನ್ನು ನಾವು ಉನ್ನತ ತರಗತಿಗಳಲ್ಲಿ ಪಾಠಹೇಳುತ್ತೇವೆ. ಅಲ್ಲಿಯೂ ಅಮೃತಮತಿಯ ಪ್ರಸಂಗದಲ್ಲಿ ಬಹಳ ಹೊತ್ತು ನಿಂತು, ಹಿಟ್ಟಿನ ಕೋಳಿಯನ್ನು ಅವಸರದಿಂದ ದಾಟುತ್ತೇವೆ. ಹತ್ತು ವರ್ಷದ ಹುಡುಗರಿಗೆ ಬೇಕಾದುದು ಮಾರಿದತ್ತನ ಮುಂದೆ ನಿಂತ ಇಬ್ಬರು ಮಕ್ಕಳೂ ಕೂಗಿದ ಕೋಳಿಯೂ ಮಾತ್ರ. ತಿಳಿಗನ್ನಡದ ಗದ್ಯದಲ್ಲಿ ಎಂಟು ಹತ್ತು ಪುಟಗಳಾಗಬಹುದು. ಅದರ ಪಕ್ಕದಲ್ಲಿ ಶಮೀವೃಕ್ಷದ ಪ್ರಸಂಗವನ್ನು, ಶವದ ಮಾತನ್ನು ಬಿಡದೆ, ಇಡಬೇಕು. ದೇವೀಮಾಹಾತ್ಮ್ಯೆಯ ಮಹಿಷವಧೆಯನ್ನು ಇಡಬೇಕು. ಪಾಯೆಸನು ಕಂಡ ಒಂದು ದಿನದ ವರ್ಣನೆಯನ್ನೂ ಇಡಬೇಕು. ನಾಲ್ಕನ್ನೂ ಓದಿದ ಹುಡುಗನು ಆಯುಧಪೂಜೆಯ ದಿನ ಕುಂಬಳಕಾಯಿಯ ಒಳಗಣ ಕೆಂಪನ್ನು ನೋಡಿ ಏನು ಕೇಳುತ್ತಾನೊ, ಅದಕ್ಕೆ ಉತ್ತರಕೊಡಲು ಆಗ ಉಪಾಧ್ಯಾಯನು ಸಿದ್ಧನಾಗಿರಬೇಕಾಗುತ್ತದೆ.